ಅಟ್ಟದ ಮೇಲಿನ ಓನರ್ ಆಂಟಿ

"ಭಾವ, ಸಿಟ್ಟು ಮಾಡ್ಕೋಬಾರ್ದು. ಮೊನ್ನೆ ಶನಿವಾರ ನಾನು ಅಕ್ಕನ ದನಿ ಕೇಳ್ದೆ" ಎಂದು ರೇಣುಕಾಪ್ರಸಾದ್ ಹೇಳಿದಾಗ ಕೊಟ್ರಬಸಪ್ಪನವರಿಗೆ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, "ಎಲ್ಲಿ?" ಎಂದಷ್ಟೇ ಕೇಳಿದರು.

ರೇಣುಕಾಪ್ರಸಾದ್ ಅವರ ಹೆಂಡತಿಯ ತಮ್ಮ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನೋಟುಪುಸ್ತಕ, ಪೆನ್ನು ಮಾರುವ ಅಂಗಡಿ ಅವನದು. ಮಾತಿಗೆ ಕುಳಿತರೆ ಇದ್ದದ್ದಕ್ಕೆ ನಾಲ್ಕು ಸೇರಿಸುವ ಮನುಷ್ಯ. ಆದರೆ ಅಂದು ಅವನ ಮುಖದಲ್ಲಿ ಆಟವಿರಲಿಲ್ಲ.

"ಸವಳಂಗ ರಸ್ತೇಲಿ ಟೈಲ್ಸ್ ಅಂಗಡಿ ಮೇಲೆ 'ಅಟ್ಟ' ಅಂತ ಒಂದು ಜಾಗ ಮಾಡಿದಾರೆ ಭಾವ. ಕಾಫಿ, ತಿಂಡಿ, ಒಂದು ಸಣ್ಣ ಸ್ಟೇಜು. ಶನಿವಾರ ಸಂಜೆ ಒಬ್ಬೊಬ್ರೇ ನಿಂತ್ಕೊಂಡು ಮಾತಾಡಿ ನಗಿಸ್ತಾರೆ. ಅಲ್ಲೊಬ್ಳು ಹುಡುಗಿ ಓನರ್ ಆಂಟಿ ಅಂತ ಮಾಡ್ತಾಳೆ. ಕಣ್ಣು ಮುಚ್ಕೊಂಡ್ರೆ ನಮ್ಮಕ್ಕನೇ! ಅಕ್ಕಪಕ್ಕದೋರು ಹೊಟ್ಟೆ ಹಿಡ್ಕೊಂಡು ನಗ್ತಿದಾರೆ, ನಾನೊಬ್ಬ ಕರ್ಚೀಫು ಹುಡುಕ್ತಿದೀನಿ."

"ಹುಡುಗಿ ಹೆಸರು?"

"ಸುಪ್ರಿಯಾ ಅಂದ್ರು."

ಕೊಟ್ರಬಸಪ್ಪನವರಿಗೆ ತಿಳಿಯಿತು. ಭದ್ರಾವತಿಯ ಜನ್ನಾಪುರದ ಅವರ ಮನೆಯ ಮಹಡಿಯಲ್ಲಿ ಸುಪ್ರಿಯಾ ಎರಡು ವರ್ಷ ಬಾಡಿಗೆಗಿದ್ದಳು. ಆಗ ಯಾವುದೋ ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಆಮೇಲೆ ಶಿವಮೊಗ್ಗಕ್ಕೆ ವರ್ಗವಾಗಿ ಮನೆ ಬಿಟ್ಟಳು. ಒಂಬತ್ತಕ್ಕೆ ಗೇಟು ಹಾಕುವ ವಿಷಯಕ್ಕೆ ಅವಳಿಗೂ ತಮಗೂ ಎರಡು ಸಲ ಮಾತು ನಡೆದದ್ದು ಅವರಿಗೆ ನೆನಪಿತ್ತು. ಹೆಂಡತಿ ಜಗದಾಂಬಾಳಿಗೆ ಮಾತ್ರ ಆ ಹುಡುಗಿ ಎಂದರೆ ಪ್ರಾಣ.

ಜಗದಾಂಬಾ ಲಿಂಗೈಕ್ಯಳಾಗಿ ಏಳು ತಿಂಗಳಾಗಿತ್ತು. ಕೊಟ್ರಬಸಪ್ಪನವರು ಶಿವನನ್ನು ನಂಬಿದವರು. ಹೋದವಳು ಶಿವನಲ್ಲಿ ಸೇರಿದ್ದಾಳೆ, ಅದಕ್ಕೆ ಅಳಬಾರದು ಎಂದು ಸ್ವಾಮಿಗಳು ಹೇಳಿದ್ದನ್ನು ತಲೆಬಾಗಿ ಒಪ್ಪಿದ್ದರು. ಮಗಳು ಶೀಲಾ ಗಂಡ, ಮಕ್ಕಳೊಂದಿಗೆ ಮಹಡಿಗೇ ಬಂದು ನಿಂತಿದ್ದಳು. ಮನೆಯಲ್ಲಿ ಗಲಾಟೆಗೆ ಕೊರತೆಯಿರಲಿಲ್ಲ. ಆದರೂ ಒಂದು ಭಯ ಅವರನ್ನು ಹಿಡಿದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಯ ದನಿ ಅವರಿಗೆ ಮರೆಯುತ್ತಿತ್ತು. ಮುಖ ಗೋಡೆಯ ಮೇಲಿತ್ತು, ಸೀರೆ ಬೀರುವಿನಲ್ಲಿತ್ತು. ದನಿ ಎಲ್ಲೂ ಇರಲಿಲ್ಲ. ಯಾರಾದರೂ ಫೋನು ಹಿಡಿದು ವಿಡಿಯೋ ಮಾಡಹೊರಟರೆ ಅವಳು ಸೆರಗು ಸರಿಮಾಡಿಕೊಂಡು, ಬಾಯಿ ಬಿಗಿದು, ಪಾಸ್‌ಪೋರ್ಟ್ ಫೋಟೋಗೆ ನಿಂತಂತೆ ನಿಲ್ಲುತ್ತಿದ್ದಳು. ಶೀಲಾಳ ಮದುವೆಯ ವಿಡಿಯೋದಲ್ಲಿ ಅವಳು ಬೀಗರೊಂದಿಗೆ ಐದು ನಿಮಿಷ ಮಾತಾಡುವುದು ಕಾಣುತ್ತದೆ. ಆದರೆ ವಿಡಿಯೋದವನು ಮಾತು ತೆಗೆದು ನಾದಸ್ವರ ತುಂಬಿಬಿಟ್ಟಿದ್ದ. ಕೊಟ್ರಬಸಪ್ಪನವರು ಅದನ್ನು ಹನ್ನೊಂದು ಸಲ ನೋಡಿದ್ದರು. ಪ್ರತಿ ಸಲವೂ ಜಗದಾಂಬಾ ಬಾಯಿ ತೆರೆದರೆ ನಾದಸ್ವರ.

ಮುಂದಿನ ಶನಿವಾರ ಸಂಜೆಯ ಪೂಜೆಯನ್ನು ನಾಲ್ಕೂವರೆಗೇ ಮುಗಿಸಿ, ದುರ್ಗಿಗುಡಿಗೆ ಹೋಗಿ ಬರುತ್ತೇನೆಂದು ಮಗಳಿಗೆ ಹೇಳಿ ಅವರು ಬಸ್ಸು ಹತ್ತಿದರು.

ಅಟ್ಟವೆಂದರೆ ಅವರ ಮನಸ್ಸಿನಲ್ಲಿದ್ದದ್ದು ಬೆಲ್ಲದ ಪಿಂಡಿ, ಹಳೆಯ ಹಂಡೆ, ಇಲಿ. ಇಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿದರೆ ಬಾಗಿಲಲ್ಲೊಬ್ಬಳು ಹೆಣ್ಣುಮಗಳು "ಕೈ ಕೊಡಿ ಸರ್" ಎಂದಳು. ಬಲಗೈಯಲ್ಲಿ ಕೊಡೆಯಿತ್ತು, ಎಡಗೈ ಚಾಚಿದರು. ಮಣಿಕಟ್ಟಿನ ಮೇಲೆ ನೀಲಿ ಶಾಯಿಯ ಒಂದು ಮುದ್ರೆ ಬಿತ್ತು. ಏಣಿಯ ಚಿತ್ರ.

"ಇದ್ಯಾಕೋ?" ಎಂದು ಜೊತೆಗೆ ಬಂದಿದ್ದ ಭಾವಮೈದುನನನ್ನು ಕೇಳಿದರು.

"ಹೊರಗೆ ಹೋಗಿ ಬಂದ್ರೆ ಗುರುತಿಗೆ ಭಾವ."

"ನಾನ್ಯಾಕೆ ಹೊರಗೆ ಹೋಗ್ಲಿ?"

"ನೀವು ಹೋಗಲ್ಲ. ಸಿಗರೇಟು ಸೇದೋರು ಹೋಗ್ತಾರೆ."

ಒಳಗೆ ಗೋಡೆಗೆಲ್ಲ ಕಪ್ಪು ಬಣ್ಣ. ಮದುವೆ ಮನೆಯಲ್ಲಿ ಹಾಕುವಂಥ ಕುರ್ಚಿಗಳು, ಅರವತ್ತೋ ಎಪ್ಪತ್ತೋ. ಎದುರಿಗೆ ಗೇಣೆತ್ತರದ ಜಗಲಿ, ಒಂದೇ ಒಂದು ಮೈಕು, ಒಂದು ದೀಪ. ನಾಟಕಕ್ಕೆ ಪರದೆ ಬೇಕು, ಹರಿಕಥೆಗೆ ತಾಳ ಬೇಕು. ಇಲ್ಲಿ ಏನೂ ಇಲ್ಲದೆ ಹೇಗೆ ನಡೆಸುತ್ತಾರೆ ಎಂದು ಅವರಿಗೆ ಕುತೂಹಲವಾಯಿತು. ಕಾಲೇಜಿನ ಹುಡುಗರು, ಬ್ಯಾಂಕಿನವರು, ಕಂಕುಳಲ್ಲಿ ಕೂಸಿದ್ದ ಒಂದು ಸಂಸಾರ. ಕುಡಿತವಿರಬಹುದೆಂದು ಅಂಜಿದ್ದರು. ಇದ್ದದ್ದು ಫಿಲ್ಟರ್ ಕಾಫಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೊದಲು ಇಬ್ಬರು ಹುಡುಗರು ಗಿಟಾರು ಹಿಡಿದು ಹಾಡಿದರು. ಆಮೇಲೊಬ್ಬ ಬಂದು, ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಬೈಯುವ ಭದ್ರಾವತಿಯ ಕಂಡಕ್ಟರನನ್ನು ಮಾಡಿ ತೋರಿಸಿದ. ಆ ಕಂಡಕ್ಟರ್ ಯಾರೆಂದು ಕೊಟ್ರಬಸಪ್ಪನವರಿಗೆ ಗೊತ್ತಿತ್ತು, ಅವರು ನಕ್ಕುಬಿಟ್ಟರು.

ಆಮೇಲೆ ಸುಪ್ರಿಯಾ ಬಂದಳು. ಕೂದಲು ಮೋಟು ಮಾಡಿಕೊಂಡಿದ್ದಳು. ದುಪಟ್ಟಾವನ್ನು ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ, ಕತ್ತೆತ್ತಿ, ಯಾವುದೋ ಮಹಡಿಯನ್ನು ನೋಡುವಂತೆ ನೋಡಿ ಕೂಗಿದಳು:

"ಸುಪ್ರಿಯಾ... ಏ ಸುಪ್ರಿಯಾ... ನೀರು ಬಂತು ಕಣೇ! ಎದ್ದಿದ್ರೆ ಬಾ, ಎದ್ದಿಲ್ದಿದ್ರೆ ಮಲ್ಕೋ. ನಾನೇ ಹಿಡಿದಿಡ್ತೀನಿ. ನಂಗೇನು ಕೈಕಾಲಿಲ್ವಾ? ಬರೀ ಮಂಡಿನೋವಷ್ಟೆ!"

ಅದೇ ಎಳೆತ, ಕೊನೆಗೆ ಅದೇ ಒಂದು ಏರು. ಕೊಟ್ರಬಸಪ್ಪನವರು ಕಣ್ಣು ಮುಚ್ಚಿದರು. ಜಗದಾಂಬಾ ಎಂಟು ಅಡಿ ದೂರದಲ್ಲಿ ನಿಂತಿದ್ದಳು.

"ನಂಗೇನೂ ಕೇಳ್ಬೇಕಂತಿಲ್ಲ ಮಾರಾಯ್ತಿ, ಆದ್ರೂ ಕೇಳ್ತೀನಿ. ನಿನ್ನೆ ಗೇಟ್ ತನಕ ಬಿಟ್ಟು ಹೋದ್ನಲ್ಲ, ಆ ಹುಡುಗ ಅಣ್ಣನೋ, ತಮ್ಮನೋ, ಅಥ್ವಾ ಇನ್ನೂ ತೀರ್ಮಾನ ಆಗಿಲ್ವೋ?"

ಜನ ಹೋ ಎಂದು ನಕ್ಕರು. ಆಮೇಲೆ ಗ್ಯಾಸಿನ ಪ್ರಸಂಗ. ಗ್ಯಾಸ್ ಕಂಪನಿಯ ಹುಡುಗಿ ಫೋನು ಮಾಡಿ, ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತಾಳೆ. ಓನರ್ ಆಂಟಿ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ಹಾಗೆ ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ತಾಯಿ ಕಲಿಸಿ ಕಳಿಸಿದ್ದಾಳೆ.

"ನಮ್ಮನೆಯವ್ರ ಹೆಸ್ರಲ್ಲಿದೆಯಮ್ಮ."

"ಅವರ ಹೆಸರು ಹೇಳಿ ಮೇಡಂ."

"ಅದನ್ನೇ ಹೇಳಿದ್ನಲ್ಲ, ನಮ್ಮನೆಯವ್ರು."

"ಮೇಡಂ, ಹೆಸರು ಬೇಕು."

"ನಿಂಗೆ ಕೂಡ್ಲಿಗಿ ಗೊತ್ತಾ? ಆ ಕಡೆ ಒಂದು ಊರಿದೆ, ಅಲ್ಲೊಂದು ದೇವ್ರು. ಆ ದೇವ್ರ ಹೆಸ್ರೇ ಇವ್ರಿಗೂ."

"ಶಿವಪ್ಪನಾ ಮೇಡಂ?"

"ಅಷ್ಟು ಮೇಲೆ ಹೋಗ್ಬೇಡ, ಸ್ವಲ್ಪ ಕೆಳಗಿಳಿ. ಅವನ ವಾಹನ."

"ನಂದೀಶ?"

"ಹತ್ರ ಬಂದೆ, ಹತ್ರ ಬಂದೆ! ಕೊಂಬು ಹಿಡ್ಕೋ, ಬಿಡ್ಬೇಡ!"

ಕೊನೆಗೆ ಆಂಟಿಯ ತಾಳ್ಮೆ ತಪ್ಪಿ, "ಹೋಗ್ಲಿ ಬಿಡಮ್ಮ, ಸೌದೆ ಒಲೇಲಿ ಮಾಡ್ಕೋತೀವಿ" ಎಂದು ಫೋನಿಡುತ್ತಾಳೆ. ಹೆಸರು ಕೊನೆಗೂ ಹೊರಬರುವುದಿಲ್ಲ. ಕುರ್ಚಿಗಳು ಕುಣಿದವು. ಜನ ತಮ್ಮ ಹೆಂಡತಿಯನ್ನು ಆಡಿಕೊಂಡು ನಗುತ್ತಿದ್ದಾರೆಂದು ಒಂದು ಕ್ಷಣ ಅನ್ನಿಸಿ, ಕೊಟ್ರಬಸಪ್ಪನವರು ಅತ್ತಿತ್ತ ನೋಡಿದರು. ಪಕ್ಕದ ಹುಡುಗಿ ಗೆಳತಿಗೆ, "ಥೇಟ್ ನಮ್ಮಜ್ಜಿ ಕಣೇ" ಎನ್ನುತ್ತಿದ್ದಳು. ಹಾಗಾದರೆ ಇವರು ಪ್ರತಿಯೊಬ್ಬರೂ ಬೇರೆ ಬೇರೆಯವರನ್ನು ನೋಡುತ್ತಿದ್ದಾರೆ ಎಂದುಕೊಂಡರು. ಅದು ಅವರಿಗೆ ಸೋಜಿಗವೆನಿಸಿತು.

ಆಟ ಮುಗಿದು ರೇಣುಕಾಪ್ರಸಾದ್ ಸ್ಕೂಟರ್ ತೆಗೆಯಲು ಹೋದಾಗ ಸುಪ್ರಿಯಾ ಮೆಟ್ಟಿಲ ಬಳಿ ಅವರನ್ನು ಕಂಡು ಗಕ್ಕನೆ ನಿಂತಳು. "ಅಯ್ಯೋ, ಓನರ್ ಅಂಕಲ್!" ಎಂದು ಬಾಗಿ ಕಾಲು ಮುಟ್ಟಿದಳು. "ಬೈಯೋಕೆ ಬಂದ್ರಾ ಅಂಕಲ್?"

"ಇಲ್ಲಮ್ಮ. ಕೇಳೋಕೆ ಬಂದೆ."

"ಆಂಟಿ ಪರ್ಮಿಷನ್ ತಗೊಂಡೇ ಮಾಡ್ತಿರೋದು, ನಿಮ್ಮಾಣೆ. ಶುರು ಮಾಡ್ದಾಗ ಅವ್ರೇ ಬಂದು ನೋಡಿದ್ರು. ದುರ್ಗಿಗುಡಿಗೆ ತಮ್ಮನ ಮನೆಗೆ ಹೋಗ್ತೀನಿ ಅಂತ ನಿಮಗೆ ಹೇಳಿ ಬಂದಿದ್ರಂತೆ. ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ರು. ಆಮೇಲೆ ಇದೇ ಮೆಟ್ಟಿಲ ಮೇಲೆ ನನ್ನ ಕೈ ಹಿಡ್ಕೊಂಡು ಒಂದು ಮಾತು ತಗೊಂಡ್ರು."

"ಏನಂತ?"

ಸುಪ್ರಿಯಾ ತನಗರಿವಿಲ್ಲದೆ ಆ ದನಿಗೇ ಹೋದಳು. "'ನಾನಿರೋ ತನಕ ಎಷ್ಟು ಬೇಕಾದ್ರೂ ನಗಿಸ್ಕೋ. ನಾನು ಹೋದ ದಿನ ನಿಲ್ಲಿಸ್ಬಿಡು. ಆಮೇಲೆ ನಿಂಗೆ ತಿರುಗಿಸಿ ಬೈಯೋಕೆ ನಾನಿರಲ್ಲ, ಅದು ನ್ಯಾಯ ಅಲ್ಲ.' ದೇವ್ರ ಮೇಲೆ ಆಣೆ ಇಟ್ಟಿದೀನಿ ಅಂಕಲ್." ಆಮೇಲೆ ತನ್ನ ದನಿಯಲ್ಲಿ ಕೇಳಿದಳು: "ಆಂಟಿ ಹೇಗಿದಾರೆ? ಮಂಡಿನೋವು? ಫೋನ್ ಮಾಡ್ಬೇಕಂದ್ರೆ ಅವ್ರಿಗೆ ಫೋನಿಲ್ಲ, ನಿಮಗೆ ಮಾಡೋಕೆ ಧೈರ್ಯ ಇರ್ಲಿಲ್ಲ."

ಕೊಟ್ರಬಸಪ್ಪನವರು ಎಪ್ಪತ್ತೊಂದು ವರ್ಷದಲ್ಲಿ ತಿಳಿದು ಸುಳ್ಳು ಹೇಳಿದವರಲ್ಲ. ಆದರೆ ಏಳು ತಿಂಗಳ ಮೇಲೆ ಸಿಕ್ಕ ದನಿ ಅದು. ಒಂದು ಮಾತು ಹೇಳಿದರೆ ಇನ್ನೆಂದೂ ಸಿಗದು.

"ಆರಾಮಾಗಿದ್ದಾಳೆ" ಎಂದರು.

ಮಂಡಿನೋವಿಲ್ಲ, ಚಿಂತೆಯಿಲ್ಲ, ಶಿವನಲ್ಲಿ ಬೆರೆತವಳು ಆರಾಮಾಗಿಯೇ ಇರುತ್ತಾಳೆ, ಇದು ಸುಳ್ಳೇನಲ್ಲ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಅದರ ಕೆಳಗೇ, ಮಣಿಕಟ್ಟಿನಲ್ಲಿ, ನೀಲಿ ಏಣಿ. ಸೋಪಿನಿಂದ ಉಜ್ಜಿದ್ದರೂ ಹೋಗಿರಲಿಲ್ಲ. ದೃಷ್ಟಿ ಲಿಂಗದಲ್ಲಿ ನಿಲ್ಲದೆ ಏಣಿಯ ಮೇಲೇ ಇಳಿಯುತ್ತಿತ್ತು.

ಆದರೂ ಮುಂದಿನ ಶನಿವಾರ ಹೋದರು. ಅದರ ಮುಂದಿನ ಶನಿವಾರವೂ ಹೋದರು. ಈಗ ಒಬ್ಬರೇ. ಶೀಲಾ, "ಏನಪ್ಪಾ, ಮಾವನ ಮೇಲೆ ಇದ್ದಕ್ಕಿದ್ದಂಗೆ ಇಷ್ಟು ಪ್ರೀತಿ?" ಎಂದು ಛೇಡಿಸಿದಳು. ಅಟ್ಟದಲ್ಲಿ ಅವರಿಗೆ ಒಂದು ಕುರ್ಚಿ ಖಾಯಂ ಆಯಿತು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿಯ ಅಜ್ಜನನ್ನು ನೋಡಿ ಹುಡುಗರು ದಾರಿ ಬಿಡುತ್ತಿದ್ದರು. ಅವರಿಗೆ ಆ ಕಸುಬಿನ ಬಗ್ಗೆಯೇ ಆಸಕ್ತಿ ಹುಟ್ಟಿತು. ನಗು ಬರುವ ಮಾತಿನ ಮುಂಚೆ ಸುಪ್ರಿಯಾ ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಾಳೆ. ಜನ ಕೂಡ ಉಸಿರು ಹಿಡಿಯುತ್ತಾರೆ. ಜಗದಾಂಬಾಳೂ ಹಾಗೆಯೇ ನಿಲ್ಲುತ್ತಿದ್ದಳಲ್ಲವೇ? ನಲವತ್ತಾರು ವರ್ಷ ಜೊತೆಗಿದ್ದೂ ತಾವು ಅದನ್ನು ಗಮನಿಸಿರಲಿಲ್ಲ, ಎರಡು ವರ್ಷ ಬಾಡಿಗೆಗಿದ್ದವಳು ಗಮನಿಸಿದ್ದಳು. ಇದೆಲ್ಲ ಕೂತಷ್ಟು ಹೊತ್ತಿನ ಮಾತು. ಮನೆಗೆ ಬಂದು ಪೂಜೆಗೆ ಕುಳಿತರೆ ಮನಸ್ಸು ಒಪ್ಪುತ್ತಿರಲಿಲ್ಲ. ಬೇರೆಯವರು ಇಟ್ಟ ಆಣೆಯನ್ನು ತಾವು ಕುಳಿತಲ್ಲಿಂದ ಮುರಿಸುತ್ತಿದ್ದೇವೆ, ಆ ಹುಡುಗಿಗೆ ಗೊತ್ತೂ ಇಲ್ಲ. ಮುಂದಿನ ವಾರ ಹೇಳಿಬಿಡಬೇಕು ಎಂದು ಪ್ರತಿ ವಾರ ಅಂದುಕೊಂಡರು.

ನಾಲ್ಕನೆಯ ಶನಿವಾರ ಜನ ಹೆಚ್ಚಿದ್ದರು. ಗ್ಯಾಸಿನ ಪ್ರಸಂಗ ಎಂದಿನಂತೆ ಸಾಗಿತು. ಕೂಡ್ಲಿಗಿ ಬಂತು, ವಾಹನ ಬಂತು, ಕೊಂಬು ಬಂತು. ಸೌದೆ ಒಲೆಯ ಮಾತಿಗೆ ಜನ ಕಾದಿದ್ದರು. ಆದರೆ ಸುಪ್ರಿಯಾ ಅದನ್ನು ಹೇಳಲಿಲ್ಲ. ಅಡಿಗೆಮನೆಯ ಬಾಗಿಲಿಂದ ಇಣುಕುವಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಸೆರಗಿನಿಂದ ಬಾಯಿ ಅರ್ಧ ಮುಚ್ಚಿಕೊಂಡಳು. ಉಸಿರು ಹಿಡಿದಳು. ಆಮೇಲೆ ಫೋನಿನೊಳಗೆ ಸಿಡಿದಂತೆ ಹೇಳಿದಳು:

"ಕೊಟ್ರಬಸಪ್ಪ!"

ಸೂರು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಕೊಟ್ರಬಸಪ್ಪನವರು ಮಾತ್ರ ಕುರ್ಚಿಯ ಕೈ ಹಿಡಿದು ಕುಳಿತಿದ್ದರು. ಮದುವೆಯಾದಂದಿನಿಂದ ಆ ದನಿಯಲ್ಲಿ ತಮ್ಮ ಹೆಸರು ಅವರ ಕಿವಿಗೆ ಬಿದ್ದಿರಲಿಲ್ಲ. 'ಇವ್ರೇ', 'ಕೇಳಿಸ್ತಾ', 'ಶೀಲಾ ಅಪ್ಪ'. ಸಾಯುವ ಹಿಂದಿನ ದಿನ ಆಸ್ಪತ್ರೆಯಲ್ಲಿ ನರ್ಸು ಗಂಡನ ಹೆಸರು ಕೇಳಿದಾಗಲೂ ಅವಳು ಕಣ್ಣಿನಲ್ಲೇ ಇವರನ್ನು ತೋರಿಸಿದ್ದಳು. ಬದುಕಿದ್ದವಳು ಮಾಡದೆ ಬಿಟ್ಟದ್ದನ್ನು ಹೋದ ಮೇಲೆ ಜನರ ಮುಂದೆ ಮಾಡಿಸಿದಂತಾಯಿತು. ಮಾಡಿಸಿದವಳು ಆ ಹುಡುಗಿಯಲ್ಲ, ಬಾಯಿ ಮುಚ್ಚಿಕೊಂಡು ಕುಳಿತ ತಾವು.

ಎದ್ದು ಹೊರಗೆ ಬಂದು ಕಬ್ಬಿಣದ ಮೆಟ್ಟಿಲ ಮೇಲೆ ಕುಳಿತರು. ಕೆಳಗೆ ರಸ್ತೆಯಲ್ಲಿ ಬಸ್ಸು, ಬೈಕು ಸಾಲುಗಟ್ಟಿದ್ದವು. ಹತ್ತು ನಿಮಿಷಕ್ಕೆ ಸುಪ್ರಿಯಾ ಓಡುತ್ತ ಬಂದಳು. ಮುಖದಲ್ಲಿ ಇನ್ನೂ ಚಪ್ಪಾಳೆಯ ಕಳೆಯಿತ್ತು.

"ಅಂಕಲ್, ಹೇಗಿತ್ತು? ನಿಮಗೋಸ್ಕರಾನೇ ಹಾಕಿದ್ದು. ಪ್ರತಿ ವಾರ ಅಷ್ಟು ದೂರದಿಂದ ಬರ್ತೀರಲ್ಲ, ಖುಷಿ ಪಡ್ತೀರಾ ಅಂತ..."

"ಕೂತ್ಕೋಮ್ಮ" ಎಂದರು. ಕುಳಿತಳು. "ನಾನು ನಿನ್ನ ಹತ್ರ ಸುಳ್ಳು ಹೇಳಿದೀನಿ. ಜಗದಾಂಬಾ ಇಲ್ಲ. ಎಂಟು ತಿಂಗಳಾಗ್ತಾ ಬಂತು."

ಸುಪ್ರಿಯಾ ಅವರ ಮುಖವನ್ನೇ ನೋಡುತ್ತಿದ್ದಳು. ಕೈ ತಾನಾಗಿ ಸೊಂಟಕ್ಕೆ ಹೋಗಿ, ಸಿಕ್ಕಿಸಿದ್ದ ದುಪಟ್ಟಾವನ್ನು ಬಿಚ್ಚಿತು.

"ಎಂಟು ತಿಂಗಳಾ? ನಾನು... ಇಷ್ಟೂ ವಾರ..."

"ನಿಂದೇನೂ ತಪ್ಪಿಲ್ಲ. ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ. ನಂಗೆ ಅವಳ ದನಿ ಮರೆತು ಹೋಗ್ತಿತ್ತು ಮಗಳೇ. ಅದಕ್ಕೆ ಆಸೆ ಬಿದ್ದೆ. ನಿನ್ನ ಆಣೆ ಮುರಿದ ಪಾಪ ನಂದು, ದಿನಾ ಶಿವನ ಮುಂದೆ ಒಪ್ಕೋತೀನಿ."

ಅವಳು ಬಹಳ ಹೊತ್ತು ಅತ್ತಳು. ಅವರು ತಡೆಯಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ಇವತ್ತಿಗೆ ಮುಗೀತು ಅಂಕಲ್. ಇನ್ನು ಮಾಡಲ್ಲ" ಎಂದಳು.

"ಮಾಡ್ಬೇಡ" ಎಂದರು ಕೊಟ್ರಬಸಪ್ಪನವರು. ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಆದರೆ ಒಂದು ಪ್ರಶ್ನೆ ಅವರನ್ನು ಚುಚ್ಚತೊಡಗಿತು. ಕೇಳಬಾರದೆಂದುಕೊಂಡರು. ಕೇಳದೆ ಬಸ್ಸು ಹತ್ತಲಾರೆ ಎಂದೂ ಗೊತ್ತಾಯಿತು.

"ಒಂದು ಹೇಳು. ಆ ಹೆಸರು ಹೇಳಿದ್ದು, ಅದು ನೀನು ಕಟ್ಟಿದ್ದಾ?"

ಸುಪ್ರಿಯಾ ತಲೆ ತಗ್ಗಿಸಿದಳು. "ಇಲ್ಲ ಅಂಕಲ್. ನಿಜವಾಗ್ಲೂ ಹೇಳಿದ್ರು. ನೀವು ಪೂಜೆಗೆ ಕೂತಿದ್ರಿ, ನಿಮ್ಮ ಫೋನು ಅವ್ರೇ ಎತ್ಕೊಂಡ್ರು. ಆ ಕಡೆಯೋಳು ಕನೆಕ್ಷನ್ ಕಟ್ ಮಾಡ್ತೀನಿ ಅಂತ ಹೆದರಿಸಿದ್ಳು. ನಾನು ಮೆಟ್ಟಿಲ ಮೇಲಿದ್ದೆ, ಅವ್ರು ನೋಡ್ಲಿಲ್ಲ. ಹೇಳಿ, ಫೋನಿಟ್ಟು, ಎರಡೂ ಕೆನ್ನೆಗೆ ಬಡ್ಕೊಂಡು, ದೇವರ ಮನೆ ಕಡೆ ತಿರುಗಿ ಕೈ ಮುಗಿದ್ರು. ಆಮೇಲೆ ನನ್ನ ನೋಡಿ, ಇವ್ರಿಗೆ ಹೇಳಿದ್ರೆ ನಿಂಗೆ ನೀರು ಹಿಡಿದಿಡಲ್ಲ ಅಂತ ಹೆದರಿಸಿದ್ರು."

ಗ್ಯಾಸಿನ ಆ ತೊಡಕು ತಾವು ಹೋಗದೆ ಹೇಗೆ ಬಗೆಹರಿಯಿತೆಂದು ಕೊಟ್ರಬಸಪ್ಪನವರು ಯಾವತ್ತೂ ಕೇಳಿರಲಿಲ್ಲ. ಸುಪ್ರಿಯಾಳೇ ಹೋಗಿ ಹೇಳಿರಬೇಕೆಂದು ತಿಳಿದಿದ್ದರು.

"ಇಲ್ಲಿ ಹೇಳಿದ ಹಾಗೇ ಹೇಳಿದ್ಳಾ? ಅಷ್ಟು ಜೋರಾಗಿ?"

"ಅದು ಜನರಿಗೆ ಅಂಕಲ್. ಅವ್ರು ಹಾಗೆ ಹೇಳ್ಲಿಲ್ಲ."

ಹೇಳಿ ತೋರಿಸು ಎಂದು ಅವರು ಬೇಡಲಿಲ್ಲ. ಕೈಯಲ್ಲಿದ್ದ ಕೊಡೆಯ ಹಿಡಿಯನ್ನು ನೋಡುತ್ತ ಕುಳಿತರು. ಮೇಲೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಬರುತ್ತಿತ್ತು. ಸುಪ್ರಿಯಾ ಸುತ್ತ ನೋಡಿದಳು. ಮೆಟ್ಟಿಲ ಮೇಲೆ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ನಗುವವರು ಯಾರೂ ಇರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವವರಂತೆ, ಗಡಿಬಿಡಿಯಲ್ಲಿ, ನಾಚಿಕೆಯಲ್ಲಿ, ಮೆಲ್ಲಗೆ ಆ ದನಿ ಹೇಳಿತು:

"ಕೊಟ್ರಬಸಪ್ಪ ಅಂತ ಕಣಮ್ಮ. ಬರ್ಕೋ ಬೇಗ. ಇನ್ನೊಂದ್ಸಲ ಹೇಳಲ್ಲ."

ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು.

"ಇನಿಷಿಯಲ್ ಹೇಳಲಿಲ್ವಾ?" ಎಂದು ಕೊಟ್ರಬಸಪ್ಪನವರು ಕೇಳಿದರು.

"ಹೇಳಿದ್ರು. ಎಂ. ಅಂದ್ರು."

"ತಪ್ಪು ಹೇಳಿದ್ಳು ನೋಡು. ಎಂ. ಅವಳಪ್ಪಂದು. ನಂದು ಬಿ.!"

ಸುಪ್ರಿಯಾಳ ಅಳು ಅರ್ಧಕ್ಕೇ ನಗುವಾಯಿತು. ಕೊಟ್ರಬಸಪ್ಪನವರೂ ನಕ್ಕರು. ಮನೆಗೆ ಹೋಗಿ ಗ್ಯಾಸಿನ ಪುಸ್ತಕ ತೆಗೆದು ನೋಡಬೇಕು, ಅದರಲ್ಲಿ ತಾವು ಮಾವನ ಇನಿಷಿಯಲ್ ಹೊತ್ತುಕೊಂಡು ಕುಳಿತಿದ್ದೇವೋ ಏನೋ ಎಂದುಕೊಂಡು, ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದರು.